14 ಇದ್ದದ್ದು 19 ಆಗಿದೆ, ಡಾಕ್ಟರೇ

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್. ಹೆಸರು ಹೇಳದೆ ನೇರವಾಗಿ ಸಂಖ್ಯೆ ಹೇಳಿದರು. ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಒಂದೂವರೆ ವರ್ಷ ಕಳೆದ ಮಹಿಳೆಯ ಪತಿ ಅವರು, ನಿವೃತ್ತ ಗಣಿತ ಮೇಷ್ಟ್ರು. ಪತ್ನಿಯ ಸಿಎ-125 (ಈ ಕ್ಯಾನ್ಸರ್ ಮೇಲೆ ಕಣ್ಣಿಡಲು ಮಾಡಿಸುವ ರಕ್ತಪರೀಕ್ಷೆ) ವರದಿಗಳನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ನಾನು ಮೂರು ತಿಂಗಳಿಗೊಮ್ಮೆ ಸಾಕು ಎಂದರೂ ಹದಿನೈದು ದಿನಕ್ಕೊಮ್ಮೆ ರಕ್ತ ಕೊಡಿಸುತ್ತಾರೆ. ಈ ಬಾರಿ ಮನೆಗೆ ಹತ್ತಿರ ಎಂದು ಬೇರೆ ಪ್ರಯೋಗಾಲಯಕ್ಕೆ ಹೋಗಿದ್ದರು. ಆ ಐದು ಯೂನಿಟ್‌ಗಾಗಿ ಆಕೆ ಎರಡು ದಿನ ಊಟ ಬಿಟ್ಟಿದ್ದರು.

ಎಷ್ಟು ಸಲ ಹೇಳಿದರೂ ನಾಟದ ಮಾತು ಇದೊಂದೇ: ಸಿಎ-125 ಎಂದರೆ ಕ್ಯಾನ್ಸರ್ ಅಲ್ಲ, ಅದೊಂದು ಪ್ರೋಟೀನ್. ಹೊಟ್ಟೆಯ ಒಳಪೊರೆ, ಗರ್ಭಕೋಶದ ಒಳಪದರಗಳೂ ಅದನ್ನು ಸ್ರವಿಸುತ್ತವೆ. ಮುಟ್ಟು, ಗರ್ಭ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ), ಯಕೃತ್ತಿನ ಕಾಯಿಲೆ ಯಾವುದರಲ್ಲೂ ಅದು ಏರಬಹುದು. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದ ಯುವತಿಯೊಬ್ಬಳ ಸಿಎ-125 ಐನೂರು ದಾಟಿತ್ತು. ಮನೆಯವರು ಕ್ಯಾನ್ಸರ್ ಎಂದೇ ನಿರ್ಧರಿಸಿ ನಿಶ್ಚಯವಾಗಿದ್ದ ಮದುವೆಯನ್ನು ಮುರಿದಿದ್ದರು. ಬಯಾಪ್ಸಿಯಲ್ಲಿ ಕಂಡದ್ದು ಹೊಟ್ಟೆಯ ಕ್ಷಯ. ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಯಿತು.

ಈ ಸಂಖ್ಯೆ ನಮಗೆ ಹೆಚ್ಚು ನೆರವಾಗುವುದು ಚಿಕಿತ್ಸೆ ನಡೆಯುವಾಗ. ಕಿಮೋಥೆರಪಿಯ ಮೊದಲ ನೂರು ದಿನಗಳಲ್ಲಿ ಅದು ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದರಿಂದ ಗಡ್ಡೆ ಔಷಧಕ್ಕೆ ಹೇಗೆ ಬಗ್ಗುತ್ತಿದೆ ಎಂದು ಅಂದಾಜಿಸಬಹುದು. ಇಳಿತದ ಆ ವೇಗವನ್ನು ಲೆಕ್ಕ ಹಾಕಲು ಕೆಲಿಮ್ ಎಂಬ ಸೂತ್ರವೇ ಇದೆ. ನೋಡಬೇಕಾದದ್ದು ಇಳಿಜಾರನ್ನು, ಒಂದು ಚುಕ್ಕಿಯನ್ನಲ್ಲ. ಪ್ರಯೋಗಾಲಯ ಬದಲಾದರೆ, ಕಿಟ್ ಬದಲಾದರೆ 14 ಇದ್ದದ್ದು 19 ಆಗಬಹುದು. ಒಂದೇ ಪ್ರಯೋಗಾಲಯದಲ್ಲಿ ಸತತವಾಗಿ ಏರುತ್ತಲೇ ಹೋದರೆ, ಸಾಮಾನ್ಯ ಮಿತಿಯಾದ 35ರೊಳಗೇ ಇದ್ದರೂ, ಅದು ಬೇರೆ ಮಾತು; ಆಗ ಖಂಡಿತ ನಮಗೆ ತಿಳಿಸಿ.

ಸರಿ, ನಿಜವಾಗಿಯೇ ಏರಿತು ಎನ್ನೋಣ. ಬೇಗ ಗೊತ್ತಾದರೆ ಬೇಗ ಕಿಮೋ, ಬೇಗ ಕಿಮೋ ಆದರೆ ಹೆಚ್ಚು ಆಯುಷ್ಯ ಎಂದು ಎಲ್ಲರೂ ನಂಬುತ್ತಾರೆ, ಒಂದು ಕಾಲದಲ್ಲಿ ನಾವೂ ನಂಬಿದ್ದೆವು. 2010ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ 529 ಮಹಿಳೆಯರಲ್ಲಿ ಇದನ್ನೇ ಪರೀಕ್ಷಿಸಿತು. ಅರ್ಧದಷ್ಟು ಜನರಿಗೆ ಸಂಖ್ಯೆ ಏರಿದೊಡನೆ ಚಿಕಿತ್ಸೆ, ಉಳಿದವರಿಗೆ ರೋಗದ ಲಕ್ಷಣ ಅಥವಾ ಚಿಹ್ನೆ ಕಂಡ ಮೇಲೆ. ಮೊದಲ ಗುಂಪಿಗೆ ಸುಮಾರು ಐದು ತಿಂಗಳು ಮೊದಲೇ ಕಿಮೋ ಶುರುವಾಯಿತು. ಬದುಕಿದ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಐದು ತಿಂಗಳ ನೆಮ್ಮದಿಯನ್ನು ಮಾತ್ರ ಅವರು ಕಳೆದುಕೊಂಡಿದ್ದರು. ಆಮೇಲೆ ಔಷಧಗಳು ಬದಲಾಗಿವೆ, ಆಯ್ದ ಕೆಲವರಿಗೆ ಮರುಶಸ್ತ್ರಚಿಕಿತ್ಸೆಯಿಂದ ಪ್ರಯೋಜನವೂ ಇದೆ. ಆದ್ದರಿಂದ ಪರೀಕ್ಷೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹದಿನೈದು ದಿನಕ್ಕೊಮ್ಮೆ ಮಾಡಿಸಬೇಡಿ, ಅಷ್ಟೇ.

ನನಗೆ ತಾಳ್ಮೆ ತಪ್ಪುವುದು ಇನ್ನೊಂದು ಕಡೆ. ಸಿಎ-125ಕ್ಕೆ ಹತ್ತು ಬಾರಿ ದುಡ್ಡು ಕೊಟ್ಟವರು ಬಿಆರ್‌ಸಿಎ ಪರೀಕ್ಷೆ (ಕ್ಯಾನ್ಸರ್ ಅಪಾಯ ಹೆಚ್ಚಿಸುವ ವಂಶವಾಹಿ ದೋಷದ ಹುಡುಕಾಟ) ಎಂದೊಡನೆ "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎನ್ನುತ್ತಾರೆ. ಈ ದೋಷ ತಂದೆಯ ಕಡೆಯಿಂದಲೂ ಬರುತ್ತದೆ. ಆ ಕಡೆ ಹೆಣ್ಣುಮಕ್ಕಳು ಕಡಿಮೆಯಿದ್ದರೆ ಕುರುಹೇ ಸಿಗುವುದಿಲ್ಲ. ಮುಂದುವರಿದ ಹಂತದ ಕಾಯಿಲೆಯಿದ್ದು, ಬಿಆರ್‌ಸಿಎ ದೋಷವಿದ್ದು, ಕಿಮೋಗೆ ಸ್ಪಂದಿಸಿದ ಮಹಿಳೆಯರಿಗೆ ಎರಡು ವರ್ಷ ಒಲಾಪರಿಬ್ ಎಂಬ ಕ್ಯಾನ್ಸರ್ ಮಾತ್ರೆ ಕೊಟ್ಟ ಪ್ರಯೋಗದಲ್ಲಿ ಏಳು ವರ್ಷಗಳ ನಂತರ ಬದುಕಿದ್ದವರು ಶೇ 67. ಬರೀ ಹುಸಿಮಾತ್ರೆ ಪಡೆದವರಲ್ಲಿ ಶೇ 46.5. ಮುಂದಿನ ಔಷಧ ಯಾವುದು ಎಂದು ತೀರ್ಮಾನಿಸಲು, ಹೆಣ್ಣುಮಕ್ಕಳಿಗೂ ಅಕ್ಕತಂಗಿಯರಿಗೂ ಎಚ್ಚರ ಹೇಳಲು ನೆರವಾಗುವ ಪರೀಕ್ಷೆ ಇದು.

ರಕ್ತದಲ್ಲಿ ಈ ದೋಷ ಕಾಣದಿದ್ದರೆ ಗಡ್ಡೆಯನ್ನೇ ಪರೀಕ್ಷಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ಬ್ಲಾಕ್ ಇರುತ್ತದೆ, ಅದರಲ್ಲಿ ಗಡ್ಡೆಯ ಚೂರು. ಅದನ್ನು ಕೇಳಿ ಪಡೆದು, ಬಿಸಿಲಿನಲ್ಲಿ ಇಡದೆ, ಮುಂದಿನ ಭೇಟಿಗೆ ತನ್ನಿ.