ಯಾರದೋ ಮಗಳು, ಯಾರದೋ ಹೆಂಡತಿ: ವಿಭಜನೆಯ ನಿರಾಶ್ರಿತೆಯರು

ದೇಶ ವಿಭಜನೆಯ ಗಲಭೆಗಳಲ್ಲಿ ಅಪಹೃತರಾದವರನ್ನು ಹುಡುಕಿ ಮನೆಯವರಿಗೆ ಮರಳಿಸಲು ಭಾರತ 1949ರಲ್ಲಿ ಒಂದು ಕಾಯ್ದೆ ತಂದಿತು. ಅದರ ಪ್ರಕಾರ ಗಂಡಾದರೆ ಹದಿನಾರು ವರ್ಷದೊಳಗಿನವನು ಮಾತ್ರ ಅಪಹೃತ. ಹೆಣ್ಣಾದರೆ ಯಾವ ವಯಸ್ಸಾದರೂ ಸರಿ. 1947ರ ಮಾರ್ಚ್ 1ರ ನಂತರ ಮನೆಯವರಿಂದ ಬೇರ್ಪಟ್ಟು ಬೇರೊಬ್ಬರ ಜೊತೆಗಿದ್ದ ಮುಸ್ಲಿಂ ಮಹಿಳೆಯನ್ನು ಪೊಲೀಸರು ವಾರಂಟ್ ಇಲ್ಲದೆಯೇ ಕರೆದೊಯ್ಯಬಹುದಿತ್ತು. ನಲವತ್ತು ದಾಟಿದ ತಾಯಿಯೂ ಕಾನೂನಿನ ಕಣ್ಣಿಗೆ ಅಪ್ರಾಪ್ತೆಯೇ!

ಉದ್ದೇಶ ಕೆಟ್ಟದ್ದೆಂದು ಹೇಳಲಾಗದು. ಭಾರತದಲ್ಲಿ 50,000 ಮುಸ್ಲಿಂ ಮಹಿಳೆಯರು, ಪಾಕಿಸ್ತಾನದಲ್ಲಿ 33,000 ಹಿಂದೂ, ಸಿಖ್ ಮಹಿಳೆಯರು ಅಪಹೃತರಾಗಿದ್ದರೆಂಬುದು ಆಗಿನ ಸರ್ಕಾರಿ ಅಂದಾಜು. ಸಮಾಜಸೇವಕಿ ಮೃದುಲಾ ಸಾರಾಭಾಯ್ ಮುಂದಾಳತ್ವದಲ್ಲಿ ಕಾರ್ಯಕರ್ತೆಯರು ಪೊಲೀಸರೊಂದಿಗೆ ಹಳ್ಳಿ ಹಳ್ಳಿ ಸುತ್ತಿದರು. ಎರಡೂ ಕಡೆ ಸೇರಿ ಸುಮಾರು 30,000 ಮಂದಿ ಪತ್ತೆಯಾದರು. ಬಿಡುಗಡೆಗಾಗಿ ಕಾದು ಕೂತವರು ಅವರಲ್ಲಿದ್ದರು. ಅಷ್ಟರಲ್ಲಿ ಮಕ್ಕಳಾಗಿ, ‘ನಾವು ಬರುವುದಿಲ್ಲ’ ಎಂದು ಅತ್ತವರೂ ಇದ್ದರು. ಅವರ ಒಪ್ಪಿಗೆಗೆ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ವ್ಯಾಜ್ಯವೆದ್ದರೆ ತೀರ್ಮಾನ ನ್ಯಾಯಮಂಡಳಿಯದು. ಪಂಜಾಬ್ ಹೈಕೋರ್ಟ್ ಇದನ್ನು ಅಸಾಂವಿಧಾನಿಕ ಎಂದರೂ 1952ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 1957ರವರೆಗೂ ಅದು ಜಾರಿಯಲ್ಲಿತ್ತು.

ಹಾಗೆ ಕರೆತಂದ ಹೆಣ್ಣುಮಕ್ಕಳನ್ನು ಎಷ್ಟೋ ಮನೆಗಳು ಹೊಸ್ತಿಲು ದಾಟಿಸಿಕೊಳ್ಳಲಿಲ್ಲ. ಇವರನ್ನು ಸ್ವೀಕರಿಸಿ ಎಂದು ಗಾಂಧಿ, ನೆಹರೂ ಇಬ್ಬರೂ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಯಾರೂ ಬಾರದವರಿಗೆ ಉಳಿದದ್ದು ಜಲಂಧರದ ಗಾಂಧಿ ವನಿತಾ ಆಶ್ರಮದಂಥ ತಾಣಗಳು.

ಜಗತ್ತಿನ ಕಾನೂನೂ ಆಗ ಇದಕ್ಕಿಂತ ಬಹಳ ಮುಂದಿರಲಿಲ್ಲ. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆ ಕಿರುಕುಳಕ್ಕೆ ಐದು ಕಾರಣಗಳನ್ನು ಹೆಸರಿಸಿತು, ಲಿಂಗ ಅದರಲ್ಲಿಲ್ಲ. ಭಾರತವಂತೂ ಅದಕ್ಕೆ ಇಂದಿಗೂ ಸಹಿ ಹಾಕಿಲ್ಲ.

ಪಂಜಾಬಿಗೆ ಹೋಲಿಸಿದರೆ ಬಂಗಾಳದ ಲೆಕ್ಕ ಬೇರೆ. ಅಲ್ಲಿ ಪೂರ್ವ ಪಾಕಿಸ್ತಾನದಿಂದ ವಲಸೆ ಒಂದೇ ಏಟಿಗೆ ಮುಗಿಯದೆ ವರ್ಷಗಟ್ಟಲೆ ಹರಿಯಿತು. ದುಡಿಯುವ ಗಂಡಸಿದ್ದ ಕುಟುಂಬ ಪುನರ್ವಸತಿಗೆ ಅರ್ಹ. ಗಂಡು ದಿಕ್ಕಿಲ್ಲದ ಹೆಂಗಸರನ್ನು ಮುದುಕರು, ಅಂಗವಿಕಲರ ಜೊತೆ ಸೇರಿಸಿ ಸರ್ಕಾರಿ ಕಡತ ‘ಪರ್ಮನೆಂಟ್ ಲಯಬಿಲಿಟಿ’ ಎಂದು ದಾಖಲಿಸಿತು, ಅಂದರೆ ಕಾಯಂ ಹೊರೆ. ಬಾಯಿಮಾತಿನಲ್ಲಿ ಅವರ ಬಿಡಾರಗಳು ‘ಪಿ.ಎಲ್. ಕ್ಯಾಂಪ್’ಗಳಾದವು. ನದಿಯಾ ಜಿಲ್ಲೆಯ ಕೂಪರ್ಸ್ ಕ್ಯಾಂಪ್, ಧುಬುಲಿಯಾಗಳಲ್ಲಿ ಗಂಜಿಕಾಸು ಪಡೆದು ದಶಕಗಳನ್ನೇ ಕಳೆದವರಿದ್ದಾರೆ. ಅದೇ ಹೊತ್ತಿಗೆ ದಕ್ಷಿಣ ಕಲ್ಕತ್ತೆಯ ನಿರಾಶ್ರಿತ ಕಾಲೊನಿಗಳ ಹೆಣ್ಣುಮಕ್ಕಳು ಶಿಕ್ಷಕಿಯರಾಗಿ, ಟೈಪಿಸ್ಟ್‌ಗಳಾಗಿ, ಮನೆಯಲ್ಲೇ ಹೊಲಿಗೆ ಹಾಕುತ್ತ ಅಪ್ಪ, ತಮ್ಮಂದಿರನ್ನೂ ಸಾಕುತ್ತಿದ್ದರು.