ಪದ ಪರಿಚಯ: ಆಮದು ಸಮಾನ ಬೆಲೆ

ಒಂದು ಸರಕು ನಮ್ಮ ದೇಶದಲ್ಲೇ ತಯಾರಾಗಿದ್ದರೂ, ಅದನ್ನು ಹೊರದೇಶದಿಂದ ತರಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಆ ಲೆಕ್ಕದ ಆಸುಪಾಸಿನಲ್ಲಿ ಅದನ್ನು ಮಾರುವುದುಂಟು. ಆ ದರಕ್ಕೆ ಆಮದು ಸಮಾನ ಬೆಲೆ ಎಂದು ಹೆಸರು. ವ್ಯಾಪಾರಿಗಳ ಬಾಯಲ್ಲಿ ಇಂಪೋರ್ಟ್ ಪ್ಯಾರಿಟಿ. ಕಚ್ಚಾ ತೈಲ ಮತ್ತು ನೈಸರ್ಗಿಕ ಅನಿಲದಿಂದ ಪ್ಲಾಸ್ಟಿಕ್, ಕೃತಕ ನೂಲು, ಕೃತಕ ರಬ್ಬರ್ ಮುಂತಾದವುಗಳ ಮೂಲವಸ್ತುಗಳನ್ನು ತೆಗೆಯುವ ಪೆಟ್ರೋಕೆಮಿಕಲ್ ಉದ್ಯಮ ನಡೆಯುವುದು ಬಹುಮಟ್ಟಿಗೆ ಈ ಬೆಲೆಯ ಮೇಲೆಯೇ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಟೊಮೆಟೊ ಬೆಳೆಗಾರರು ಏರುಮಡಿಗಳ ಮೇಲೆ ಹಾಸುವ ಮಲ್ಚಿಂಗ್ ಪೇಪರ್ ಎಂಬ ಪ್ಲಾಸ್ಟಿಕ್ ಹಾಳೆ, ಅದರಡಿಯ ಡ್ರಿಪ್ ಪೈಪು, ಹಣ್ಣು ತುಂಬುವ ಕ್ರೇಟು, ಸಾವಿರ ಅಡಿ ದಾಟಿದ ಕೊಳವೆಬಾವಿಗೆ ಬೇಕಾಗುವ ಪೈಪು, ಇವೆಲ್ಲವುಗಳ ದರದ ಹಿಂದೆ ಇದೇ ಲೆಕ್ಕವಿದೆ.

ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡೋಣ. ಇಲ್ಲಿನ ಬೆಲೆಗಳು ವಿವರಣೆಗಾಗಿ ಹಿಡಿದವೇ ಹೊರತು ಇಂದಿನ ಮಾರುಕಟ್ಟೆ ದರಗಳಲ್ಲ. ಮಲ್ಚಿಂಗ್ ಪೇಪರ್‌ಗೆ ಬಳಸುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಹರಳು ಹಡಗಿನ ಬಾಡಿಗೆ, ವಿಮೆ ಸೇರಿ ಟನ್ನಿಗೆ 900 ಡಾಲರಿನಂತೆ ನಮ್ಮ ಬಂದರಿಗೆ ಬಂತೆನ್ನೋಣ. ಡಾಲರಿಗೆ 85 ರೂಪಾಯಿಯಾದರೆ ಅದು 76,500 ರೂಪಾಯಿ. ಅದರ ಮೇಲೆ ಶೇ 7.5ರ ಆಮದು ಸುಂಕ ಮತ್ತು ಆ ಸುಂಕದ ಹತ್ತನೆಯ ಒಂದು ಭಾಗದಷ್ಟು ಮೇಲ್ತೆರಿಗೆ ಸೇರಿದರೆ ಸುಮಾರು 82,800 ರೂಪಾಯಿ. ಬಂದರಿನ ಖರ್ಚು, ಜಿಎಸ್‌ಟಿ ಬೇರೆ. ಗುಜರಾತಿನ ಕಾರ್ಖಾನೆಯಲ್ಲಿ ತಯಾರಾದ ಹರಳಿಗೂ ದರ ನಿಗದಿಯಾಗುವುದು ಈ ಮೊತ್ತವನ್ನು ನೋಡಿಯೇ. ಈಗ ಹಡಗಿನ ಬಾಡಿಗೆ ಮಾತ್ರ ಟನ್ನಿಗೆ 50 ಡಾಲರ್ ಏರಿತೆನ್ನಿ. ಸುಂಕವೂ ಸೇರಿ ಕೆ.ಜಿ.ಗೆ ಸುಮಾರು 4 ರೂಪಾಯಿ 60 ಪೈಸೆ ಹೆಚ್ಚುತ್ತದೆ. 4 ಅಡಿ ಅಗಲ, 400 ಮೀಟರ್ ಉದ್ದ, 25 ಮೈಕ್ರಾನ್ ದಪ್ಪದ ಒಂದು ರೋಲ್ ಹೆಚ್ಚುಕಡಿಮೆ 11 ಕೆ.ಜಿ. ತೂಗುತ್ತದೆ, 5 ಅಡಿ ಅಂತರದ ಸಾಲುಗಳಿಗೆ ಎಕರೆಗೆ 7 ರೋಲ್ ಬೇಕು. ಅಲ್ಲಿಗೆ, ಮುಳಬಾಗಿಲಿನ ರೈತನಿಗೆ ಎಕರೆಗೆ 350 ರೂಪಾಯಿ ಹೆಚ್ಚು ಬೀಳುತ್ತದೆ. ಆ ಪೇಪರಿನ ಹರಳು ಹಡಗನ್ನೇ ಹತ್ತದೇ ಇದ್ದರೂ ಅಷ್ಟೇ.

ಇದು ಅನ್ಯಾಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಆಂಧ್ರದ ಮದನಪಲ್ಲಿ ಮಾರುಕಟ್ಟೆಯಲ್ಲಿ ಟೊಮೆಟೊ ದರ ಏರಿದ ದಿನ ಕೋಲಾರದ ಎಪಿಎಂಸಿಯಲ್ಲಿ ಯಾವ ರೈತನೂ ತನ್ನ ಸಾಗುವಳಿ ಖರ್ಚನ್ನಷ್ಟೇ ನೋಡಿ ಬಾಕ್ಸನ್ನು ಅಗ್ಗಕ್ಕೆ ಬಿಡುವುದಿಲ್ಲ. ತಯಾರಕನದೂ ಅದೇ ತರ್ಕ. ಆಮದಿನ ದರಕ್ಕಿಂತ ಹೆಚ್ಚು ಕೇಳಿದರೆ ಗಿರಾಕಿ ಹೊರಗಿನ ಸರಕಿಗೆ ಹೋಗುತ್ತಾನೆ. ತೀರ ಕಡಿಮೆಗೆ ಕೊಡಲು ತಯಾರಕನಿಗೆ ಕಾರಣವೇ ಇಲ್ಲ. ಬೇಡಿಕೆಯ ಒಂದು ಭಾಗ ಆಮದಿನಿಂದಲೇ ಪೂರೈಕೆಯಾಗುತ್ತಿರುವವರೆಗೆ ಈ ಕ್ರಮ ತಪ್ಪುವುದಿಲ್ಲ. ಪೈಪು ತಯಾರಿಸುವ ಪ್ಲಾಸ್ಟಿಕ್ಕಾದ ಪಿವಿಸಿಯಲ್ಲಂತೂ ಭಾರತ ತನ್ನ ಅಗತ್ಯದ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದಲೇ ತರಿಸುತ್ತದೆ. ಹಾಗಾಗಿಯೇ 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಿಮ ಬಿದ್ದು ಅಲ್ಲಿನ ಕಾರ್ಖಾನೆಗಳು ನಿಂತಾಗ ನಮ್ಮಲ್ಲಿ ಪೈಪಿನ ದರ ಮೇಲೇರಿತು.

ಕಚ್ಚಾ ತೈಲ ಅಗ್ಗವಾದರೆ ಪ್ಲಾಸ್ಟಿಕ್ ಕೂಡ ಅಗ್ಗವಾಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಆಗುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ, ಯಾವಾಗಲೂ ಅಲ್ಲ. ಏಷ್ಯಾದ ಬಹುಪಾಲು ಘಟಕಗಳು ಕಚ್ಚಾ ತೈಲದಿಂದ ಬರುವ ನಾಫ್ತಾವನ್ನು 800 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಹಬೆಯೊಂದಿಗೆ ಒಡೆದು ಪಾಲಿಎಥಿಲೀನಿನ ಮೂಲವಸ್ತುವಾದ ಎಥಿಲೀನ್ ತೆಗೆಯುತ್ತವೆ. ಹೀಗೆ ಸಿಗುವ ಎಥಿಲೀನ್ ಸುಮಾರು ಶೇ 30. ಅಮೆರಿಕದಲ್ಲಿ ಶೇಲ್ ಎಂಬ ಕಲ್ಲಿನ ಪದರಗಳಿಂದ ತೆಗೆಯುವ ಅನಿಲದ ಜೊತೆಗೆ ಹೇರಳವಾಗಿ ಸಿಗುವ ಈಥೇನ್‌ನಿಂದ ಶೇ 80ರ ಆಸುಪಾಸು ಸಿಗುತ್ತದೆ, ಖರ್ಚೂ ಕಡಿಮೆ. ಇದರ ಮೇಲೆ ಚೀನಾದ್ದು ಬೇರೆಯೇ ಕಥೆ. ಹಿಂದೆ ಜಗತ್ತಿನ ದೊಡ್ಡ ಗಿರಾಕಿಯಾಗಿದ್ದ ಆ ದೇಶ ತನ್ನಲ್ಲೇ ಘಟಕಗಳನ್ನು ಸಾಲುಸಾಲಾಗಿ ಕಟ್ಟಿಕೊಂಡು ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ರಫ್ತಿಗೂ ಇಳಿದಿದೆ. ಅಲ್ಲಿನ ಕಟ್ಟಡ ನಿರ್ಮಾಣ ಮಂಕಾದಂತೆ, ಕಲ್ಲಿದ್ದಲಿನ ದಾರಿಯಿಂದ ತಯಾರಿಸಿದ ಪಿವಿಸಿಗೆ ಭಾರತವೇ ಮುಖ್ಯ ಮಾರುಕಟ್ಟೆಯಾಯಿತು. ತೈಲದ ದರ ನಿಂತಲ್ಲೇ ನಿಂತಿದ್ದರೂ ಇಂತಹ ಸರಕಿನ ಹೊಳೆ ಹರಿದು ಬಂದರೆ ಹರಳಿನ ದರ ಕುಸಿಯುತ್ತದೆ. ನಾಫ್ತಾವನ್ನೇ ನಂಬಿದ ದಕ್ಷಿಣ ಕೊರಿಯಾದ ಕಂಪನಿಗಳು 2025ರಲ್ಲಿ ಸಾಮರ್ಥ್ಯವನ್ನು ತಗ್ಗಿಸಲು ಒಪ್ಪಿಕೊಳ್ಳಬೇಕಾದದ್ದು ಈ ಒತ್ತಡದಲ್ಲಿಯೇ.

ವ್ಯಾಪಾರದ ಜಗಳಗಳು ಈ ಲೆಕ್ಕವನ್ನು ರಾತ್ರೋರಾತ್ರಿ ಬದಲಿಸಬಲ್ಲವು. 2025ರ ಮೇ ಕೊನೆಯಲ್ಲಿ ಅಮೆರಿಕ ಸರ್ಕಾರ ಚೀನಾಕ್ಕೆ ಹೋಗುವ ಈಥೇನ್‌ಗೆ ಪರವಾನಗಿ ಕಡ್ಡಾಯ ಮಾಡಿತು. ನಡುವೆ, ಹಡಗಿಗೆ ತುಂಬಬಹುದು ಆದರೆ ಚೀನಾದಲ್ಲಿ ಇಳಿಸುವಂತಿಲ್ಲ ಎಂಬ ವಿಚಿತ್ರ ಸ್ಥಿತಿಯೂ ಇತ್ತು. ಜುಲೈ ಆರಂಭದಲ್ಲಿ ನಿರ್ಬಂಧ ತೆರವಾಯಿತು. ಅಮೆರಿಕದ ಈಥೇನ್ ರಫ್ತಿನ ಸರಿಸುಮಾರು ಅರ್ಧ ಚೀನಾಕ್ಕೇ ಹೋಗುವುದರಿಂದ ಇಕ್ಕಟ್ಟು ಮಾರುವವನಿಗೂ ಇತ್ತು, ಕೊಳ್ಳುವವನಿಗೂ ಇತ್ತು.

ಈ ಏರಿಳಿತದಲ್ಲಿ ಹೆಚ್ಚು ನಲುಗುವುದು ತುಮಕೂರಿನ ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹರಳು ಕರಗಿಸಿ ಪೈಪು, ಚೀಲ, ಹಾಳೆ ಮಾಡುವ ಸಣ್ಣ ಘಟಕಗಳೆಂಬುದು ನನ್ನ ಎಣಿಕೆ. 25 ಕೆ.ಜಿ. ಚೀಲಗಳನ್ನು ಹಳೆಯ ದರದಲ್ಲಿ ಕೊಂಡು ಗೋದಾಮು ತುಂಬಿಸಿಕೊಂಡವನಿಗೆ, ತಯಾರಕರು ದರ ಇಳಿಸಿದ ಮರುದಿನವೇ ಅಂಗಡಿಯವರಿಂದ ಹೊಸ ದರದ ಬೇಡಿಕೆ ಬರುತ್ತದೆ. ದರ ಏರಿದಾಗ ಮಾತ್ರ ಅಂಗಡಿಯವರು ಹಿಂದಿನ ಆರ್ಡರಿನ ಚೀಟಿ ತೋರಿಸುತ್ತಾರೆ.

ಆಮದು ಸಮಾನ ಬೆಲೆಗೆ ಜೋಡಿಯಾಗಿ ರಫ್ತು ಸಮಾನ ಬೆಲೆ ಎಂಬ ಇನ್ನೊಂದು ಮಾತಿದೆ. ದೇಶದೊಳಗಿನ ತಯಾರಿಕೆ ಬೇಡಿಕೆಯನ್ನು ಮೀರಿದರೆ ಮಿಕ್ಕಿದ್ದನ್ನು ಹೊರಗೆ ಮಾರಲೇಬೇಕು. ಆಗ ಹೊರಗಿನ ದರಕ್ಕೆ ಬಾಡಿಗೆ, ಸುಂಕ ಕೂಡುವ ಬದಲು ಸಾಗಣೆ ಖರ್ಚನ್ನು ಕಳೆದು ಉಳಿಯುವ ಮೊತ್ತದ ಕಡೆಗೆ ಒಳಗಿನ ದರ ಜಾರುತ್ತದೆ. ಈ ಎರಡರ ನಡುವಿನ ಅಂತರವೆಂದರೆ ಹೋಗುವ ದಾರಿಯ ಖರ್ಚು, ಬರುವ ದಾರಿಯ ಖರ್ಚು ಮತ್ತು ಸುಂಕ. ದೇಶದಲ್ಲಿ ಹೊಸ ಘಟಕಗಳು ಬಂದಾಗ ಹರಳಿನ ದರ ಇಳಿಯುತ್ತದೆಯೇ ಎಂಬುದನ್ನು ಆ ಘಟಕಗಳ ಗಾತ್ರ ನೋಡಿ ಹೇಳಲಾಗದು. ಅವು ಶುರುವಾದ ಮೇಲೂ ನಮ್ಮ ಬಂದರಿನಲ್ಲಿ ಆ ಹರಳಿನ ಆಮದು ಉಳಿದಿದೆಯೇ ಎಂಬುದನ್ನು ನೋಡಬೇಕು.