ದೇವರಿಗೆ ಸಾವಿಲ್ಲ, ಯೇಸು ಸತ್ತರು: ಈ ವಾದ ನಿಲ್ಲುತ್ತದೆಯೇ?

ಕೋಲಾರದಲ್ಲಿ ಪದವಿ ಮಕ್ಕಳಿಗೆ ತರ್ಕಶಾಸ್ತ್ರ ಪಾಠ ಮಾಡುತ್ತೇನೆ. ಕೆಜಿಎಫ್ ಕಡೆಯಿಂದ ಬರುವವರಲ್ಲಿ ಕ್ರೈಸ್ತ ಮಕ್ಕಳೂ ಇರುತ್ತಾರೆ. ಹಾಗಾಗಿ ವಾಟ್ಸಾಪ್‌ನಲ್ಲಿ ಓಡಾಡುವ ಒಂದು ವಾದ ತರಗತಿಗೂ ಬಂದೇ ಬರುತ್ತದೆ. ಬೋರ್ಡಿನ ಮೇಲೆ ಬರೆದರೆ ಮೂರೇ ಸಾಲು. ದೇವರು ಸಾಯುವುದಿಲ್ಲ. ಯೇಸು ಸತ್ತರು. ಆದ್ದರಿಂದ ಯೇಸು ದೇವರಲ್ಲ.

ಇದರ ಕಟ್ಟು ಸರಿಯಾಗಿಯೇ ಇದೆ. ಮೇಲಿನ ಎರಡು ಸಾಲು ಒಪ್ಪಿದರೆ ಮೂರನೆಯದನ್ನು ಒಪ್ಪಲೇಬೇಕು. 'ನಂಬಿಕೆಗೆ ತರ್ಕ ಯಾಕೆ ಸಾರ್' ಅಂತ ಜಾರಿಕೊಳ್ಳುವವರನ್ನು ನಾನು ಬಿಡುವುದಿಲ್ಲ. ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಹಳೆಯ ಪಂಡಿತರೂ ಹಾಗೆ ಜಾರಿಕೊಂಡವರಲ್ಲ. ತೀರ್ಮಾನ ಬೇಡ ಅಂದರೆ ಆಧಾರವಾಕ್ಯಗಳಲ್ಲಿ, ಅಂದರೆ ಮೇಲಿನ ಎರಡು ಸಾಲುಗಳಲ್ಲಿ, ಒಂದನ್ನಾದರೂ ಮುಟ್ಟಬೇಕು, ಮುಟ್ಟಿದ್ದಕ್ಕೆ ಬೆಲೆಯನ್ನೂ ತೆರಬೇಕು.

ಮೊದಮೊದಲು ಕೆಲವರು ಎರಡನೆಯ ಸಾಲಿಗೇ ಕೈ ಹಾಕಿದರು. ಯೇಸು ಸತ್ತಂತೆ ಕಂಡರು ಅಷ್ಟೇ, ನಿಜವಾಗಿ ಸಾಯಲಿಲ್ಲ ಅಂದರು. ಸಾವೇ ತೋರಿಕೆ ಅಂದಮೇಲೆ, ಆ ಸಾವಿನಿಂದ ಸಿಗುತ್ತದೆ ಎನ್ನುವ ಪಾಪದ ಬಿಡುಗಡೆಯೂ ತೋರಿಕೆಯೇ ಅಲ್ವಾ? ಸಭೆ ಇದನ್ನು ತಳ್ಳಿಹಾಕಿತು. ಅಲೆಕ್ಸಾಂಡ್ರಿಯದ ಪಾದ್ರಿ ಅರಿಯುಸ್ ಇನ್ನೊಂದು ದಾರಿ ಹಿಡಿದ: ಮಗ (ಯೇಸು) ತಂದೆಗೆ (ದೇವರಿಗೆ) ಸಮನಲ್ಲ, ಸೃಷ್ಟಿಯಾದವನು. ಅಂದರೆ ತೀರ್ಮಾನವನ್ನೇ ಹೆಚ್ಚುಕಡಿಮೆ ನುಂಗಿಕೊಂಡ ಹಾಗೆ. ಅದನ್ನೂ ಕ್ರಿ.ಶ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್‌ಗಳ ಸಭೆ ಒಪ್ಪಲಿಲ್ಲ.

ಉಳಿದದ್ದು ಮೊದಲನೆಯ ಸಾಲು. ಅಲ್ಲೇ ನಿಜವಾದ ಕೆಲಸ ಇರುವುದು.

ರಾಬರ್ಟ್‌ಸನ್‌ಪೇಟೆಯ ಹುಡುಗಿಯೊಬ್ಬಳು ಕೇಳಿದಳು, 'ಸಾರ್, ಅವರು ಸತ್ತಿದ್ದು ಮನುಷ್ಯರಾಗಿ ತಾನೇ? ದೇವರಾಗಿ ಅಲ್ವಲ್ಲ?' ಬಿಷಪ್‌ಗಳ ಇನ್ನೊಂದು ಸಭೆ, ಕ್ರಿ.ಶ. 451ರ ಕ್ಯಾಲ್ಸಿಡನ್ ಸಭೆ, ಹಾಕಿಕೊಟ್ಟ ದಾರಿಯೂ ಇದೇ. ವ್ಯಕ್ತಿ ಒಬ್ಬನೇ, ಸ್ವಭಾವ ಎರಡು: ಒಂದು ದೇವರದು, ಒಂದು ಮನುಷ್ಯರದು. ಆದರೆ 'ಆಗಿ' ಸೇರಿಸಿದ ಮಾತ್ರಕ್ಕೆ ಗಂಟು ಬಿಚ್ಚುವುದಿಲ್ಲ. ತಹಸೀಲ್ದಾರರು ತಹಸೀಲ್ದಾರರಾಗಿ ಆದೇಶ ಕೊಡಬಹುದು, ಮನೆಯಲ್ಲಿ ಗಂಡನಾಗಿ ಕೊಡೋಕಾಗಲ್ಲ. ಸರಿ. ಅವರಿಗೆ ಜ್ವರ ಬಂದರೆ? ಅದು ತಹಸೀಲ್ದಾರರಿಗೂ ಬಂತು, ಗಂಡನಿಗೂ ಬಂತು. ಸಾವು ಆದೇಶದ ಜಾತಿಯದೋ ಜ್ವರದ ಜಾತಿಯದೋ?

ಹುಡುಗಿ ಸುಮ್ಮನಾದಳು. ಆಮೇಲೆ ಇಬ್ಬರೂ ಮೊದಲನೆಯ ಸಾಲನ್ನು ಬಿಡಿಸಿ ಬರೆದೆವು. 'ದೇವರು ಸಾಯುವುದಿಲ್ಲ' ಎನ್ನುವುದಕ್ಕೆ ಎರಡು ಅರ್ಥ ಇರಬಹುದು. ಒಂದು, ದೇವರಾದವನು ಯಾವ ರೀತಿಯಲ್ಲೂ, ಎಂದೂ ಸಾಯಲಾರ. ಇನ್ನೊಂದು, ದೈವಸ್ವಭಾವಕ್ಕೆ ಸಾವಿಲ್ಲ. ಮೊದಲನೆಯ ಅರ್ಥ ಹಿಡಿದರೆ ವಾದ ಗಟ್ಟಿ. ಆದರೆ ದೇವರು ಮನುಷ್ಯರಾಗಿ ಹುಟ್ಟಿ ಸತ್ತರು ಎಂದು ನಂಬುವವರು ಒಪ್ಪದೇ ಇರುವುದು ಅದನ್ನೇ. ಅದನ್ನೇ ಮೊದಲ ಸಾಲಾಗಿ ಇಟ್ಟುಕೊಂಡರೆ, ಸಾಧಿಸಬೇಕಾದದ್ದನ್ನು ಮೊದಲೇ ಒಪ್ಪಿಸಿಕೊಂಡ ಹಾಗಾಯಿತು. ಎರಡನೆಯ ಅರ್ಥವನ್ನು ಕ್ರೈಸ್ತರು ಒಪ್ಪುತ್ತಾರೆ, ಆದರೆ ಅದರಿಂದ ತೀರ್ಮಾನ ಹೊರಡುವುದಿಲ್ಲ. ಯೇಸು ದೈವಸ್ವಭಾವದಲ್ಲಿ ಸಾಯಲಿಲ್ಲ ಅಂತಷ್ಟೇ ಹೊರಡುತ್ತದೆ.

ಹಾಗಂತ ಚರ್ಚಿನ ಕಡೆಯವರು ಗೆದ್ದರು ಅನ್ನಲಾರೆ. ಆ ಎರಡು ಸ್ವಭಾವಗಳು ಒಬ್ಬ ವ್ಯಕ್ತಿಯಲ್ಲಿ ಹೇಗೆ ಇರುತ್ತವೆ? ಕ್ಯಾಲ್ಸಿಡನ್ ಸಭೆ ಕೊಟ್ಟ ಉತ್ತರ ನಾಲ್ಕು ನಿಷೇಧಗಳು: ಬೆರೆಯದೆ, ಬದಲಾಗದೆ, ಒಡೆಯದೆ, ಬೇರಾಗದೆ. ಹೇಗಲ್ಲ ಅಂತ ಹೇಳಿದರು, ಹೇಗೆ ಅಂತ ಹೇಳಲಿಲ್ಲ. ಬೇಲಿ ಹಾಕಿ ಬಿಟ್ಟರು. ನನ್ನ ಮಟ್ಟಿಗೆ ಅದು ಜಾಣತನವೇ, ವಿವರಣೆ ಮಾತ್ರ ಅಲ್ಲ. ಎಲ್ಲ ಚರ್ಚುಗಳೂ ಇದನ್ನು ಒಪ್ಪಲೂ ಇಲ್ಲ. ಈಜಿಪ್ಟಿನ ಕೋಪ್ಟಿಕ್ ಸಭೆ ಒಪ್ಪಲಿಲ್ಲ. ಪಕ್ಕದ ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯೂ ಆ ಒಪ್ಪದವರ ಸಾಲಿನದೇ.

ಮುಂದಿನ ವಾರ ಅದೇ ಹುಡುಗಿ ಬೈಬಲಿನ ಮಾರ್ಕನ ಸುವಾರ್ತೆಯ 13ನೇ ಅಧ್ಯಾಯ, 32ನೇ ವಚನ ಹಿಡಿದುಕೊಂಡು ಬಂದಳು. ಕೊನೆಯ ದಿನ ಯಾವಾಗ ಅಂತ ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಅಂತ ಅಲ್ಲಿದೆ. ದೇವರಿಗೆ ಎಲ್ಲವೂ ಗೊತ್ತು, ಮಗನಿಗೆ ಒಂದು ಗೊತ್ತಿಲ್ಲ, ಆದ್ದರಿಂದ? ಅಚ್ಚು ಅದೇ, ಗಂಟು ಮಾತ್ರ ಜಾಸ್ತಿ ಬಿಗಿ. ಸಾವನ್ನು ದೇಹದ ಕಡೆಗೆ ತಳ್ಳಬಹುದು. ಗೊತ್ತಿರುವುದು, ಗೊತ್ತಿಲ್ಲದಿರುವುದು ಸ್ವಭಾವಕ್ಕಲ್ಲ, ವ್ಯಕ್ತಿಗೆ ಸೇರಿದ್ದು. ಒಬ್ಬನೇ ವ್ಯಕ್ತಿಯಲ್ಲಿ ಎರಡು ಮನಸ್ಸು ಅಂದರೆ, ಆ ಒಬ್ಬನನ್ನು ಒಬ್ಬ ಅಂತ ಯಾವುದರ ಮೇಲೆ ಎಣಿಸುವುದು? ಈ ವಾದಕ್ಕೆ ಬಂದ ಉತ್ತರಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದದ್ದು ಇನ್ನೂ ಒಂದೂ ಇಲ್ಲ. ಅವಳಿಗೂ ಹಾಗೇ ಹೇಳಿದೆ.